ವ್ಯಾನಕ್ಕನ ಅಜಾಗರೂಕತೆ

ವ್ಯಾನಕ್ಕನಿಗೆ ಸಿಟ್ಟೇ ಬರುವುದಿಲ್ಲ ಎಂದು ನಂಬಿಕೊಂಡಿದ್ದವರು ಆ ಬಡಾವಣೆಯಲ್ಲಿ ಬಹಳ ಮಂದಿ ಇದ್ದರು. ಮಕ್ಕಳು ಸೀಟಿನ ಮೇಲೆ ಬಿಸ್ಕತ್ತು ಪುಡಿ ಮಾಡಿದರೂ, ತಾಯಂದಿರು "ಒಂದೇ ನಿಮಿಷ ಅಕ್ಕ" ಎಂದು ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರದಿದ್ದರೂ, ಹಿಂದಿನ ಗಾಡಿಯವನು ಹಾರ್ನಿನ ಮೇಲೆ ಕೈಯಿಟ್ಟು ಮಲಗಿಬಿಟ್ಟರೂ ಅವಳು ಕನ್ನಡಿಯಲ್ಲೊಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. ಅಂಥವಳಿಗೆ ಕೋರ್ಟಿನವರು ಸಿಟ್ಟು ತರಿಸಿದರು. ಅದೂ ಎಂಥ ಸಿಟ್ಟೆಂದರೆ, ಅವಳ ಅತ್ತೆ ಹೇಳಿದ ಹಾಗೆ, ಒಲೆ ಹಚ್ಚದೆಯೇ ಹಾಲು ಉಕ್ಕುವಂಥ ಸಿಟ್ಟು.

ವ್ಯಾನ್ ಮೊದಲು ಅವಳ ಗಂಡನದಾಗಿತ್ತು. ಅವನು ಅದರಲ್ಲಿ ಸಗಟು ಮಾರುಕಟ್ಟೆಯಿಂದ ಅಂಗಡಿಗಳಿಗೆ ತರಕಾರಿ ಹೊರುತ್ತಿದ್ದ. ಒಂದು ದಿನ ಆಲೂಗಡ್ಡೆ ಮೂಟೆ ಎತ್ತುವಾಗ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಹಾಸಿಗೆ ಹಿಡಿದ ಅಣ್ಣನನ್ನು ನೋಡಲು ಬಂದ ಮೈದುನಂದಿರು ಬಾಗಿಲ ಬಳಿ ಪಿಸುಗುಟ್ಟಿ ಎರಡು ಸಲಹೆ ಕೊಟ್ಟು ಹೋದರು: ವ್ಯಾನ್ ಮಾರಿಬಿಡು, ನೀನು ಸ್ವಲ್ಪ ದಿನ ತವರಿಗೆ ಹೋಗಿರು. ಅವಳು ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದುವರೆಗೆ ಹೊಲಿಗೆ ಯಂತ್ರದ ಪೆಡಲ್ ಬಿಟ್ಟರೆ ಬೇರೆ ಪೆಡಲ್ ತುಳಿದವಳಲ್ಲ. ಗಂಡನನ್ನೇ ದಿಂಬಿಗೆ ಒರಗಿಸಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಮೈದಾನದಲ್ಲಿ ಸುತ್ತು ಹೊಡೆದು ಹೊಡೆದು ಓಡಿಸುವುದನ್ನು ಕಲಿತಳು. ಅವಳು ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಜಿಗಿಯುತ್ತಿತ್ತು, ಗಂಡ ಅಯ್ಯೋ ಅನ್ನುತ್ತಿದ್ದ. ಅವನ ಅಯ್ಯೋ ನಿಂತ ದಿನ ತನಗೆ ಓಡಿಸಲು ಬಂತು ಎಂದು ಅವಳಿಗೆ ಗೊತ್ತಾಯಿತು. ಆಮೇಲೆ ಹಿಂದೆ ಸೀಟು ಹಾಕಿಸಿ, ಶಾಲೆಯ ಮಕ್ಕಳನ್ನು ಕರೆದೊಯ್ಯುವ ಬ್ಯಾಡ್ಜ್ ಪಡೆದಳು. ಆ ಬ್ಯಾಡ್ಜ್ ಇಲ್ಲದೆ ಯಾರೂ ಮಕ್ಕಳನ್ನು ಗಾಡಿಗೆ ಹತ್ತಿಸುವ ಹಾಗಿಲ್ಲ. ಹಾಗೆ ನೋಡಿದರೆ ಗಂಡನ ಔಷಧಿ, ಅತ್ತೆಯ ಕನ್ನಡಕ, ಮನೆಯ ಬಾಡಿಗೆ, ಎಲ್ಲವೂ ಅವಳ ಎದೆಗೆ ಪಿನ್ನು ಹಾಕಿದ್ದ ಆ ತಗಡಿನ ಬಿಲ್ಲೆಗೆ ನೇತಾಡುತ್ತಿದ್ದವು.

ಇನ್ನು ಆ ರಸ್ತೆಯ ಸಮಾಚಾರ. ಸೇತುವೆಯ ಮೇಲಿಂದ ಇಳಿಜಾರಿನಲ್ಲಿ ಬರುವ ಏಕಮುಖ ರಸ್ತೆ ಅದು. ಶಾಲೆಯ ಗೇಟು ಬಲಗಡೆ, ಗಾಡಿ ನಿಲ್ಲಿಸಲು ಅನುಮತಿ ಇರುವ ಜಾಗ ಎಡಗಡೆ. ಬಲಕ್ಕೆ ಸರಿದು ಗೇಟಿನ ಪಕ್ಕವೇ ನಿಲ್ಲಿಸೋಣವೆಂದರೆ ಆ ಬದಿಯ ಉದ್ದಕ್ಕೂ ನಿಲ್ಲಿಸಬಾರದು ಎಂಬ ಫಲಕ. ನಡುವೆ ಬಿಳಿ ಪಟ್ಟಿ ಬಳಿದು ಜನ ದಾಟುವ ಜಾಗ ಅಂತ ಮಾಡಿದ್ದಾರೆ, ನಿಜ. ಸೇತುವೆ ಇಳಿಯುವ ಅಮಲಿನಲ್ಲಿರುವ ಗಾಡಿಗಳಿಗೆ ಆ ಪಟ್ಟಿ ಕಾಣುವುದು ಅದರ ಮೇಲೆ ಹಾದು ಹೋದ ಮೇಲೆಯೇ. ಇಂಥ ಕಡೆ ಶಾಲೆ ಕಟ್ಟಿದವರಿಗೆ ಏನು ಹೇಳಬೇಕು, ಶಾಲೆ ಇದ್ದ ಕಡೆ ಸೇತುವೆ ಇಳಿಸಿದವರಿಗೆ ಏನು ಹೇಳಬೇಕು? ಅವರ ಮೇಲೆ ಯಾವ ಕೇಸೂ ಆಗಲಿಲ್ಲ.

ಮೊದಲ ವರ್ಷ ವ್ಯಾನಕ್ಕನೂ ಎಲ್ಲರಂತೆ ಎಡಕ್ಕೆ ಒತ್ತಿ ನಿಲ್ಲಿಸಿ ಮಕ್ಕಳನ್ನು ಇಳಿಸುತ್ತಿದ್ದಳು. ಒಂದು ಬೆಳಿಗ್ಗೆ ಎರಡನೇ ತರಗತಿಯ ಹುಡುಗಿಯೊಬ್ಬಳು ಪಟ್ಟಿಯ ಮೇಲೆ ಹೊರಟಳು. ಬೈಕೊಂದು ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಹುಡುಗಿಗೆ ಪೆಟ್ಟಾಗಲಿಲ್ಲ, ಕೈಯಲ್ಲಿ ಚೀಲದ ಪಟ್ಟಿ ಮಾತ್ರ ಉಳಿದಿತ್ತು. ಚೀಲ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿ ಅಷ್ಟು ದೂರ ಹೋಗಿ ಬಿದ್ದಿತ್ತು. ವ್ಯಾನಕ್ಕ ಓಡಿ ಹೋಗಿ ಅದನ್ನು ಹೆಕ್ಕಿ ತಂದಳು.

ಮರುದಿನದಿಂದ ಅವಳದೇ ಒಂದು ಪದ್ಧತಿ ಶುರುವಾಯಿತು. ವ್ಯಾನಿನ ಮೂತಿಯನ್ನು ಬಲಕ್ಕೆ ತಿರುಗಿಸಿ ರಸ್ತೆಗೆ ಅಡ್ಡಲಾಗಿ ನಿಲ್ಲಿಸುವುದು. ಇಂಜಿನ್ ಆರಿಸಿ, ಕೀಲಿ ಮುಷ್ಟಿಯಲ್ಲಿ ಹಿಡಿದು ಇಳಿಯುವುದು. ವ್ಯಾನ್ ಮುಚ್ಚದೆ ಬಿಟ್ಟ ಸಂದಿಯಲ್ಲಿ ತಾನೇ ಒಂದು ಕೈ ಎತ್ತಿ ನಿಲ್ಲುವುದು. ಆ ಗೋಡೆಯ ಮರೆಯಲ್ಲಿ ಮಕ್ಕಳು ಒಬ್ಬರ ಚೀಲ ಇನ್ನೊಬ್ಬರು ಹಿಡಿದು ದಾಟಿ ಗೇಟಿನೊಳಗೆ ಹೋಗುವುದು. ಹಿಂದೆ ಗಾಡಿಗಳು ಬೊಬ್ಬೆ ಹೊಡೆಯುತ್ತಿದ್ದವು. ಕಿಟಕಿಯಿಂದ ತಲೆ ಹಾಕಿ ಅವಳ ವಂಶವನ್ನೆಲ್ಲ ಜಾಲಾಡಿದವರೂ ಇದ್ದರು. ಅವಳು ಕೊನೆಯ ಮಗು ಗೇಟು ದಾಟಿ ಕೈ ಬೀಸುವವರೆಗೆ ಅಲ್ಲಾಡುತ್ತಿರಲಿಲ್ಲ. ಆ ರಸ್ತೆಯಲ್ಲಿ ಅವಳು ಕರೆತಂದ ಮಗುವಿಗೆ ಒಂದು ತರಚು ಗಾಯವೂ ಆಗದೆ ವರ್ಷಗಳು ಕಳೆದವು. ಹೆತ್ತವರೆಲ್ಲ ಅವಳನ್ನು ಹೊಗಳುವವರೇ.

ಈ ವರ್ಷ ಹೊಸ ಪೇದೆ ಬಂದ. ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ, ದರ್ಪ ಪೂರ್ತಿ ಬಂದಿತ್ತು. ಒಂದು ಮಾತೂ ಆಡದೆ ಮೊಬೈಲಿನಲ್ಲಿ ಅಡ್ಡ ನಿಂತ ವ್ಯಾನಿನ ಚಿತ್ರ ತೆಗೆದುಕೊಂಡು ಹೋದ. ವಾರದೊಳಗೆ ಮನೆಗೆ ಸಮನ್ಸ್ ಬಂತು.

"ಕೋರ್ಟಂದ್ರೆ ಏನೂ ಇಲ್ಲ ತಂಗಿ," ಎಂದು ಧೈರ್ಯ ಹೇಳಿದವರು ವ್ಯಾನ್ ಸ್ಟ್ಯಾಂಡಿನ ಲಾಯರ್ ಮಾವ. ಅವರು ಲಾಯರೂ ಅಲ್ಲ, ಯಾರಿಗೂ ಮಾವನೂ ಅಲ್ಲ. ಇಟ್ಟಿಗೆ, ಸಿಮೆಂಟು ಸಾಗಿಸುವ ವ್ಯಾನಿನ ಚಾಲಕರು. ಸಂಚಾರ ನ್ಯಾಯಾಲಯದ ಬೆಂಚು ಸವೆಸಿ ಸವೆಸಿ ಈ ಹೆಸರು ಪಡೆದಿದ್ದರು. "ಅಲ್ಲಿ ಏನು ಕೇಳಿದ್ರೂ ಹೌದು ಅನ್ನು. ತಪ್ಪಾಯ್ತು ಅನ್ನು. ದಂಡ ಕಟ್ಟು, ಬಾ. ನಾವೆಲ್ಲ ಹಾಗೇ ಮಾಡೋದು. ವಾದಕ್ಕೆ ಇಳಿದ್ರೆ ನಾಲ್ಕು ಸಲ ಅಲೆಸ್ತಾರೆ, ಬಾಡಿಗೆ ಕೆಡುತ್ತೆ." ಸ್ಟ್ಯಾಂಡಿನ ಮಂದಿಯೆಲ್ಲ ತಲೆಯಾಡಿಸಿದರು. ಅಲ್ಲಿ ಅದು ಹಿಂದಿನಿಂದ ನಡೆದುಬಂದ ವಾಡಿಕೆ. ಸಮನ್ಸ್ ಬಂದವನು ಬೆಳಿಗ್ಗೆ ಹೋಗಿ ಒಪ್ಪಿಕೊಂಡು, ಮಧ್ಯಾಹ್ನದ ಬಾಡಿಗೆಗೆ ಹಾಜರಾಗುತ್ತಿದ್ದ.

ನ್ಯಾಯಾಲಯದ ಕೋಣೆಯಲ್ಲಿ ಫ್ಯಾನು ತಿರುಗುವುದಕ್ಕಿಂತ ಸದ್ದು ಮಾಡುವುದೇ ಹೆಚ್ಚಾಗಿತ್ತು. ಲಾಯರ್ ಮಾವ ಹಿಂದಿನ ಬೆಂಚಿನಲ್ಲಿ ತಮ್ಮ ಮನೆಯ ಜಗಲಿಯೋ ಎಂಬಂತೆ ಕಾಲು ಚಾಚಿ ಕೂತರು. ವ್ಯಾನಕ್ಕನ ಸರದಿ ಬಂದಾಗ ಗುಮಾಸ್ತ ತಲೆಯೆತ್ತದೆ ಕೇಳಿದ: "ತಪ್ಪು ಒಪ್ಪಿಕೊಳ್ತೀರಾ?"

ಅವಳು ಹೇಳಿಕೊಟ್ಟ ಪಾಠದಂತೆ ಹೌದು ಅನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಗುಮಾಸ್ತನ ಕಣ್ಣು ಅವಳ ಎದೆಯ ಮೇಲಿನ ಬಿಲ್ಲೆಗೆ ಬಿತ್ತು.

"ಮಕ್ಕಳ ವ್ಯಾನಾ? ನೋಡಮ್ಮ, ಇದು ಅಜಾಗರೂಕತೆ ಕೇಸು. ಒಪ್ಪಿಕೊಂಡ್ರೆ ಈ ಬ್ಯಾಡ್ಜ್ ರದ್ದಾಗುತ್ತೆ. ಗೊತ್ತು ತಾನೆ?"

ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಸ್ಟ್ಯಾಂಡಿನಲ್ಲಿ ಒಪ್ಪಿಕೊಂಡು ಬಂದವರೆಲ್ಲ ಸಾಮಾನು ಸಾಗಿಸುವವರು. ಇಟ್ಟಿಗೆಗೆ, ಸಿಮೆಂಟಿಗೆ ಯಾರು ಬ್ಯಾಡ್ಜ್ ಕೇಳುತ್ತಾರೆ? ಅವರ ಉಪದೇಶ ಅವರಿಗೆ ಸರಿ, ಇವಳಿಗೆ ನೇಣು. ಅವಳು ತಿರುಗಿ ಹಿಂದಿನ ಬೆಂಚು ನೋಡಿದಳು. ಲಾಯರ್ ಮಾವ ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

"ನಾನು ಒಪ್ಪಲ್ಲ," ಎಂದಳು ವ್ಯಾನಕ್ಕ. "ಏನು ಬರೆದಿದ್ದಾರೆ ಅಂತ ಮೊದಲು ಓದಿ."

ಗುಮಾಸ್ತ ಓದಿದ. ಆರೋಪಿಯು ತನ್ನ ವಾಹನವನ್ನು ಸಾರ್ವಜನಿಕ ರಸ್ತೆಯ ಮಧ್ಯದಲ್ಲಿ ತೊರೆದು, ಅದರ ಮೇಲಿನ ಹತೋಟಿಯನ್ನು ಕೈಬಿಟ್ಟು, ಅಜಾಗರೂಕತೆಯಿಂದ ವರ್ತಿಸಿದ್ದಾಳೆ.

"ತೊರೆದು ಅಂದ್ರೆ ಏನು ಸ್ವಾಮಿ?"

ನ್ಯಾಯಾಧೀಶರು ವಯಸ್ಸಾದವರು, ಮುಖದಲ್ಲಿ ಕೆಡುಕಿರಲಿಲ್ಲ. ಕನ್ನಡಕ ಮೇಲೇರಿಸಿಕೊಂಡು, "ಚಾಲಕರ ಸೀಟು ಖಾಲಿ ಇತ್ತೋ ಇಲ್ಲವೋ?" ಎಂದು ಕೇಳಿದರು.

"ಇತ್ತು. ನಾನು ವ್ಯಾನಿನ ಮುಂದೆನೇ ನಿಂತಿದ್ದೆ. ಕೀಲಿ ನನ್ನ ಕೈಲಿತ್ತು. ಮಕ್ಕಳು ನನ್ನ ಪಕ್ಕದಲ್ಲಿದ್ರು."

"ಇರಬಹುದಮ್ಮ. ಸೀಟು ಖಾಲಿ ಇತ್ತಲ್ಲ, ಇಲ್ಲಿ ಆ ಮಾತಿಗೆ ಅಷ್ಟೇ ಅರ್ಥ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಹಚ್ಚಿಕೊಳ್ಳದೆ ಇರುವುದು ಹೇಗೆ? ಹಾಸಿಗೆ ಹಿಡಿದ ಗಂಡನನ್ನು ತೊರೆಯದವಳು, ಮೈದುನಂದಿರು ಮಾರು ಎಂದಾಗ ಈ ವ್ಯಾನನ್ನೇ ತೊರೆಯದವಳು, ತುಂಬಿದ ಕೋಣೆಯಲ್ಲಿ ನಿಂತು ಆ ಮಾತು ಕೇಳಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅಜಾಗರೂಕತೆ ಎಂದರೇನು ಎಂದು ಸರ್ಕಾರಿ ವಕೀಲರು ತಾವಾಗಿಯೇ ಎದ್ದು ವಿವರಿಸಿದರು. ಅವರಿಗೆ ಇಂಥ ಕೇಸು ಇನ್ನೂ ರಾಶಿ ಇದ್ದವು, ಬೇಗ ಮುಗಿಸಬೇಕಿತ್ತು.

"ಮನಸ್ಸಿನಲ್ಲಿ ಕಾಳಜಿ ಇತ್ತೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಸಾಮಾನ್ಯ ಚಾಲಕನೊಬ್ಬ ಅದೇ ಜಾಗದಲ್ಲಿ ಹೇಗೆ ನಡೆದುಕೊಳ್ಳುತ್ತಾನೋ ಹಾಗೆ ನಡೆದುಕೊಳ್ಳದಿದ್ದರೆ ಅದು ಅಜಾಗರೂಕತೆ."

"ಸಾಮಾನ್ಯ ಚಾಲಕರನ್ನ ನಾನು ದಿನಾ ನೋಡ್ತೀನಿ ಸರ್. ಮಕ್ಕಳನ್ನ ಇಳಿಸಿ, ಹಿಂದೆ ತಿರುಗಿ ಕೂಡ ನೋಡದೆ ಹೋಗ್ತಾರೆ."

"ಅದು ಅಪರಾಧವಲ್ಲ."

"ನಾನು ದಾಟಿಸಿದ್ದು ಅಪರಾಧ."

"ದಾಟಿಸಿದ್ದಲ್ಲ. ದಾಟಿಸಲು ಸೀಟು ಬಿಟ್ಟದ್ದು."

ಕೋಣೆಯಲ್ಲಿ ಯಾರೋ ನಕ್ಕರು. ನ್ಯಾಯಾಧೀಶರಿಗೆ ಅವಳನ್ನು ನೋಡಿ ಪಾಪ ಅನ್ನಿಸಿರಬೇಕು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: "ನೋಡಿ, ಮಗು ನಿಮ್ಮ ಫುಟ್‌ಬೋರ್ಡಿನ ಮೇಲೆ ಇರುವವರೆಗೆ ಅದು ನಿಮ್ಮ ಪ್ರಯಾಣಿಕ. ನೆಲಕ್ಕೆ ಕಾಲಿಟ್ಟ ಮೇಲೆ ಅದು ಪಾದಚಾರಿ. ಪಾದಚಾರಿಗಳ ಹೊಣೆ ನಿಮ್ಮದಲ್ಲ. ಅವರಿಗಾಗಿಯೇ ಅಲ್ಲಿ ಪಟ್ಟಿ ಬಳಿದಿದೆ. ಆ ಪಟ್ಟಿಯ ಬಳಿ ವಾಹನಗಳು ನಿಲ್ಲತಕ್ಕದ್ದು."

"ನಿಲ್ಲಲ್ಲ ಸ್ವಾಮಿ."

"ನಿಲ್ಲತಕ್ಕದ್ದು."

"ನೀವು ಒಂದು ಬೆಳಿಗ್ಗೆ ಬಂದು ನೋಡಿ. ನಿಲ್ಲಲ್ಲ."

"ನಿಲ್ಲತಕ್ಕದ್ದು ಅಂತ ಕಾನೂನಿದೆಯಮ್ಮ," ಎಂದು ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ನಿಲ್ಲದ ಗಾಡಿಗಳಲ್ಲಿ ಒಂದನ್ನಾದರೂ ಆ ಕೋಣೆಗೆ ಕರೆಸಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಕರೆಸಿದ್ದು ನಿಂತ ಗಾಡಿಯನ್ನು.

ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಇನ್ನು ಮುಂದೆ ಎಡಬದಿಗೇ ನಿಲ್ಲಿಸುತ್ತೇನೆ, ಗಾಡಿ ರಸ್ತೆಯಲ್ಲಿರುವಷ್ಟು ಹೊತ್ತು ಸೀಟು ಬಿಟ್ಟು ಏಳುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಟ್ಟರೆ ಅಜಾಗರೂಕತೆಯ ಆರೋಪ ಬಿಟ್ಟುಬಿಡುತ್ತಾರೆ, ಬ್ಯಾಡ್ಜ್ ಉಳಿಯುತ್ತದೆ. ಒಪ್ಪದಿದ್ದರೆ ಕೇಸು ನಡೆಯುತ್ತದೆ, ಅದು ಮುಗಿಯುವ ತನಕ ಬ್ಯಾಡ್ಜ್ ಕೋರ್ಟಿನಲ್ಲಿ. ವ್ಯಾನಕ್ಕನಿಗೆ ಗಂಡನ ಹಾಸಿಗೆ ಕಣ್ಣ ಮುಂದೆ ಬಂತು. ಪೆನ್ನು ತೆಗೆದುಕೊಂಡಳು. ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದಳು. ಅಷ್ಟು ವರ್ಷ ಅವಳನ್ನು ಹೊಗಳಿದ ಹೆತ್ತವರಲ್ಲಿ ಒಬ್ಬರೂ ಆ ಬೆಂಚಿನ ಮೇಲೆ ಇರಲಿಲ್ಲ. ನಾವು ನಿಮ್ಮ ಜೊತೆಗಿದ್ದೇವೆ ಎಂದು ಬೆಳಿಗ್ಗೆಯೇ ಮೊಬೈಲಿಗೆ ಸಂದೇಶ ಕಳಿಸಿ ಕೈತೊಳೆದುಕೊಂಡಿದ್ದರು.

"ಗೆದ್ದೆಯಲ್ಲ ತಂಗಿ," ಎಂದರು ಮೆಟ್ಟಿಲಿಳಿಯುವಾಗ ಲಾಯರ್ ಮಾವ.

"ಮಾವ, ದಯವಿಟ್ಟು ಇವತ್ತೊಂದು ದಿನ ನನ್ನ ಹತ್ರ ಮಾತಾಡಬೇಡಿ," ಎಂದಳು ವ್ಯಾನಕ್ಕ.

ಮನೆಯಲ್ಲಿ ಗಂಡ ಗೋಡೆ ಹಿಡಿದು ಎದ್ದು ಕೂತು ಕಾಯುತ್ತಿದ್ದ. "ಬ್ಯಾಡ್ಜ್ ಉಳೀತಲ್ಲ, ಬಿಡೆ," ಎಂದು ಉಸಿರುಬಿಟ್ಟ. ಅತ್ತೆಗೆ ಮಾತ್ರ ವಿಷಯ ಪೂರ್ತಿ ಕೇಳುವ ತನಕ ಸಮಾಧಾನವಿಲ್ಲ. ಪ್ರಯಾಣಿಕ, ಪಾದಚಾರಿ ಎಲ್ಲವನ್ನೂ ಹೇಳಿಸಿಕೊಂಡು, "ಮೆಟ್ಟಿಲ ಮೇಲೆ ಇರೋತನಕ ನಿನ್ನ ಮಗು, ಕೆಳಗಿಳಿದ್ರೆ ಯಾರದ್ದೂ ಅಲ್ವಾ? ಇದ್ಯಾವ ಸೀಮೆ ನ್ಯಾಯನೇ?" ಎಂದರು.

ಮರುದಿನ ಬೆಳಿಗ್ಗೆ ಅವಳು ಮುಚ್ಚಳಿಕೆಯಲ್ಲಿ ಬರೆದಂತೆ ಎಡಕ್ಕೆ ಒತ್ತಿ ನಿಲ್ಲಿಸಿದಳು. ಹೊಸ ಪೇದೆ ಸ್ವಲ್ಪ ದೂರದ ಮರದ ನೆರಳಿನಲ್ಲಿ ನಿಂತು ನೋಡುತ್ತಿದ್ದ. ಬಾಗಿಲು ತೆರೆದಳು. ಮಕ್ಕಳು ಇಳಿದವರು ಹೊರಡಲಿಲ್ಲ, ಎಂದಿನಂತೆ ಅವಳು ಇಳಿಯಲಿ ಎಂದು ಸಾಲಾಗಿ ಕಾದು ನಿಂತರು. "ನೋಡ್ಕೊಂಡು ಹೋಗ್ರಪ್ಪ. ಪಟ್ಟಿ ಮೇಲೇ ಹೋಗಿ. ದೊಡ್ಡವರು ಚಿಕ್ಕವರ ಕೈ ಹಿಡ್ಕೊಳ್ಳಿ," ಎಂದು ಕಿಟಕಿಯಿಂದ ಕೂಗಿದಳು. ಅವಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. ದೊಡ್ಡವರು ಓಡಿದರು. ಮುಂದಿನ ಹಲ್ಲು ಬಿದ್ದ ಒಂದನೇ ತರಗತಿಯ ಪುಟ್ಟಿ ಹಿಂದೆ ಉಳಿದಳು. ಅರ್ಧ ರಸ್ತೆಗೆ ಹೋಗಿ, ವ್ಯಾನಕ್ಕ ಬರುತ್ತಿದ್ದಾಳೋ ಎಂದು ತಿರುಗಿ ನಿಂತಳು.

ಸೇತುವೆಯಿಂದ ಇಳಿದ ಕಾರು ಕಿರ್ರೆಂದು ಅರಚಿ ನಿಂತಾಗ ಪುಟ್ಟಿ ಪಟ್ಟಿಯ ಮೇಲೆ ಮುಖ ಅಡಿಯಾಗಿ ಬಿದ್ದಿದ್ದಳು. ಕಾರು ಮುಟ್ಟಿರಲಿಲ್ಲ. ಬೆದರಿ ಬಿದ್ದದ್ದು ಅಷ್ಟೇ. ವ್ಯಾನಕ್ಕನಿಗೆ ಸೀಟೂ ನೆನಪಿರಲಿಲ್ಲ, ಮುಚ್ಚಳಿಕೆಯೂ ನೆನಪಿರಲಿಲ್ಲ. ಓಡಿ ಹೋಗಿ ಎತ್ತಿಕೊಂಡಳು. ಪುಟ್ಟಿಯ ಎರಡು ಮೊಣಕಾಲೂ ಸುಲಿದು ರಕ್ತ ಜಿನುಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಗಾಯ.

ಪೇದೆಯೂ ಓಡಿ ಬಂದಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ಬರ್ಕೊಳ್ಳಿ," ಎಂದಳು ವ್ಯಾನಕ್ಕ. "ಸೀಟು ಬಿಟ್ಟಿದೀನಿ."

"ಏನೂ ಬರೆಯಲ್ಲ ಅಕ್ಕ," ಎಂದು ಅವನು ತೊದಲಿದ. "ಕಾರು ಪಟ್ಟಿ ಹತ್ರ ನಿಂತಿದೆ. ನಿಮ್ಮ ಗಾಡಿ ಸರಿಯಾದ ಜಾಗದಲ್ಲಿದೆ. ಯಾರದ್ದೂ ತಪ್ಪಿಲ್ಲ."

ಇದನ್ನು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಯಾರಿಗೂ ಏನೂ ಆಗದ ದಿನ ಅವಳು ಆರೋಪಿ. ಮಗುವಿನ ಮೊಣಕಾಲು ಒಡೆದ ದಿನ ಯಾರದ್ದೂ ತಪ್ಪಿಲ್ಲ.

ಸಂಜೆ ಅವಳು ಒಬ್ಬೊಬ್ಬರಾಗಿ ಹೆತ್ತವರಿಗೆಲ್ಲ ಫೋನ್ ಮಾಡಿದಳು. ನಾಳೆಯಿಂದ ಮಕ್ಕಳನ್ನು ದಾಟಿಸಲು ನಿಮ್ಮಲ್ಲಿ ಯಾರಾದರೂ ಒಬ್ಬರು ಬಂದು ನಿಲ್ಲಿ, ಸರದಿ ಹಾಕಿಕೊಳ್ಳಿ ಎಂದಳು. ಒಬ್ಬರಿಗೆ ಬೆಳಿಗ್ಗೆ ಆಫೀಸು, ಇನ್ನೊಬ್ಬರಿಗೆ ಮಂಡಿ ನೋವು. "ನೀವೇ ಹೇಗೋ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕ," ಎಂದರು ಒಬ್ಬ ತಾಯಿ. ಪುಟ್ಟಿಯ ಅಪ್ಪ ಮಾತ್ರ ರೇಗಿದರು: "ಡ್ರೈವರ್ ಅಂದ ಮೇಲೆ ಜವಾಬ್ದಾರಿ ನಿಮ್ಮದಲ್ವೇನ್ರೀ?"

"ಆ ಮಾತನ್ನ ನಿನ್ನೆ ಕೋರ್ಟಲ್ಲಿ ಬಂದು ಹೇಳಬೇಕಿತ್ತು ಸರ್," ಎಂದು ಅವಳು ಫೋನ್ ಇಟ್ಟಳು. ಅವಳು ಹೆತ್ತವರೊಬ್ಬರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಗಂಡ ಮಲಗಿದಲ್ಲಿಂದಲೇ ಹುಬ್ಬೇರಿಸಿ ನೋಡಿದ.

ಬೆಳಿಗ್ಗೆ ದಾಟಿಸಲು ಯಾರೂ ಬಂದಿರಲಿಲ್ಲ. ವ್ಯಾನಕ್ಕ ಎಡಬದಿಗೆ ಅಂಚಿಗೆ ತಾಗುವಂತೆ ಒಪ್ಪವಾಗಿ ನಿಲ್ಲಿಸಿದಳು. ಇಂಜಿನ್ ಆರಿಸಿದಳು. ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಬಾಗಿಲು ತೆರೆಯಲಿಲ್ಲ.

"ಅಕ್ಕ, ಇಳಿಯಲ್ವಾ?" ಎಂದಳು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಪುಟ್ಟಿ.

"ಕೂತ್ಕೊ ಪುಟ್ಟಿ. ಮಗ್ಗಿ ಹೇಳ್ಕೊಳ್ಳಿ ಎಲ್ಲರೂ."

ಮಗ್ಗಿ ಶುರುವಾಯಿತು. ಗಾಡಿ ನಿಲ್ಲಿಸಲು ಅಲ್ಲಿದ್ದದ್ದೇ ಅಷ್ಟು ಜಾಗ. ಹಿಂದೆ ಬಂದ ಇನ್ನೊಂದು ಶಾಲಾ ವ್ಯಾನ್ ಜಾಗವಿಲ್ಲದೆ ಬಾಲಕ್ಕೆ ನಿಂತಿತು. ಅದರ ಹಿಂದೆ ಮಕ್ಕಳನ್ನು ಬಿಡಲು ಬಂದ ಕಾರುಗಳು, ಅವುಗಳ ಹಿಂದೆ ಇನ್ನಷ್ಟು, ಸಾಲು ಸೇತುವೆಯ ಬುಡಕ್ಕೆ ಹೋಯಿತು. ಹಾರ್ನುಗಳು ಮಗ್ಗಿಯನ್ನು ಮುಳುಗಿಸಿದವು. ಗೇಟಿನೊಳಗೆ ಮೊದಲ ಗಂಟೆ ಹೊಡೆಯಿತು. ಪೇದೆ ಬೆವರೊರೆಸಿಕೊಳ್ಳುತ್ತ ಕಿಟಕಿಯ ಬಳಿ ಬಂದ.

"ಏನಾಯ್ತಕ್ಕ? ಬಾಗಿಲು ತೆಗೀರಿ."

"ತೆಗೀತೀನಿ. ಆಚೆ ಬದಿಗೆ ದಾಟಿಸೋರು ಯಾರು?"

"ಅದು ನನ್ನ ಕೆಲಸ ಅಲ್ಲ. ನನ್ನದು ಗಾಡಿಗಳನ್ನ ನೋಡೋದು."

"ನನ್ನದೂ ಅಲ್ವಂತೆ. ಬರೆದುಕೊಟ್ಟಿದೀನಿ."

"ಹಿಂದೆ ಎಷ್ಟು ಗಾಡಿ ನಿಂತಿದೆ ನೋಡಿ."

"ನೋಡ್ತಿದೀನಿ. ನಾನು ಸೀಟಲ್ಲೇ ಇದೀನಿ. ಎಡಕ್ಕೇ ನಿಲ್ಲಿಸಿದೀನಿ. ಮಕ್ಕಳು ಫುಟ್‌ಬೋರ್ಡಿನ ಮೇಲಿನವರು, ನನ್ನ ಪ್ರಯಾಣಿಕರು. ನೀವು ಮೊಬೈಲ್ ತೆಗೆದು ಚಿತ್ರ ತಗೊಳ್ಳಿ."

ಪೇದೆ ಮೊಬೈಲ್ ತೆಗೆದ. ಚಿತ್ರ ತೆಗೆಯಲಿಲ್ಲ, ಠಾಣೆಗೆ ಫೋನ್ ಮಾಡಿದ. ಆ ಕಡೆಯವರು ಏನು ಹೇಳಿದರೋ, ಅವನು ಹೂಂ ಸರ್, ಇಲ್ಲ ಸರ್, ಸೀಟಲ್ಲೇ ಇದಾರೆ ಸರ್ ಎಂದು ಮೂರ್ನಾಲ್ಕು ಸಲ ಹೇಳಿ ಮೊಬೈಲ್ ಜೇಬಿಗಿಳಿಸಿದ. ಸಾಲನ್ನೊಮ್ಮೆ ನೋಡಿದ. ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ತನ್ನನ್ನೇ ನೋಡುತ್ತಿದ್ದ ಪುಟ್ಟಿಯನ್ನು ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು, ಬಿಳಿ ಪಟ್ಟಿಯ ಮೇಲೆ ನಡೆದು ಹೋಗಿ ರಸ್ತೆಯ ನಡುವೆ ನಿಂತು ಕೈ ಎತ್ತಿ ಸೀಟಿ ಊದಿದ.

ಗಾಡಿಗಳು ನಿಂತವು. ಸೇತುವೆಯಿಂದ ಹಾರಿ ಬರುತ್ತಿದ್ದವು ಕೂಡ ಪಟ್ಟಿಯಿಂದ ಅಷ್ಟು ಹಿಂದೆಯೇ ತೆಪ್ಪಗೆ ನಿಂತವು. ವ್ಯಾನಕ್ಕ ಬಾಗಿಲು ತೆರೆದಳು. ಮಕ್ಕಳು ಒಬ್ಬರ ಚೀಲ ಇನ್ನೊಬ್ಬರು ಹಿಡಿದು ಅವನ ಮುಂದೆ ಹಾದು ಹೋದರು. ಕುಂಟುತ್ತಿದ್ದ ಪುಟ್ಟಿಯ ಕೈಯನ್ನು ಅವನೇ ಹಿಡಿದು ಗೇಟಿನ ತನಕ ಬಿಟ್ಟು ಬಂದ. ಒಂದು ಮಗ್ಗಿ ಹೇಳಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ವ್ಯಾನಕ್ಕನಿಗೆ ಸಂತೋಷವಾಗಬೇಕಿತ್ತು. ಕಣ್ಣಲ್ಲಿ ನೀರು ಬಂದದ್ದೂ ನಿಜ, ಆದರೆ ಅದು ಸಂತೋಷದ್ದಲ್ಲ. ಇಷ್ಟೇ ತಾನೆ ಬೇಕಾಗಿದ್ದದ್ದು? ಒಬ್ಬ ಮನುಷ್ಯ, ಒಂದು ಕೈ, ಬೆಳಗಿನ ಸ್ವಲ್ಪ ಹೊತ್ತು. ಇದನ್ನು ಮಾಡಲು ಇಷ್ಟು ವರ್ಷ ಯಾರಿಗೂ ಆಗಲಿಲ್ಲ, ಮಾಡಿದವಳನ್ನು ಕಟಕಟೆಗೆ ಎಳೆಯಲು ಮಾತ್ರ ಒಂದು ವಾರ ಸಾಕಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಇಂಜಿನ್ ಚಾಲೂ ಮಾಡಿದಳು.

ಪೇದೆ ಹಗುರಾದ ಮುಖ ಮಾಡಿಕೊಂಡು ಕಿಟಕಿಯ ಬಳಿ ಬಂದ. "ಆಯ್ತಲ್ಲಕ್ಕ, ಇವತ್ತಿಗೆ ಮುಗೀತು. ನಾಳೆ ನನಗೆ ಬೇರೆ ಕಡೆ ಡ್ಯೂಟಿ."

"ಹಾಗಾದ್ರೆ ನಾಳೆ ಬಾಗಿಲು ತೆಗೆಯಲ್ಲ," ಎಂದು ವ್ಯಾನಕ್ಕ ಗೇರ್ ಹಾಕಿದಳು.